ಉಳಿಯುವುದೇನು, ಅಳಿಯುವುದೇನು

ಲಿನಕ್ಸ್ ಹಾಕಿಕೊಳ್ಳಲು ಕೂತವರಿಗೆ ಇನ್‌ಸ್ಟಾಲರ್ ಒಂದಷ್ಟು ಪ್ರಶ್ನೆ ಕೇಳುತ್ತದೆ. ಭಾಷೆ ಯಾವುದು, ಕೀಬೋರ್ಡ್ ಯಾವುದು, ಗಡಿಯಾರ ಯಾವ ಊರಿನದು, ನಿಮ್ಮ ಹೆಸರೇನು, ಪಾಸ್‌ವರ್ಡ್ ಏನಿರಲಿ. ಇವುಗಳಲ್ಲಿ ಯಾವುದಕ್ಕೆ ತಪ್ಪು ಉತ್ತರ ಕೊಟ್ಟರೂ ಆಮೇಲೆ ಸರಿಪಡಿಸಿಕೊಳ್ಳಬಹುದು. ಕೊಲ್ಕತ್ತಾ ಎನ್ನುವ ಬದಲು ಕರಾಚಿ ಎಂದು ಆರಿಸಿದರೆ ಗಡಿಯಾರ ಅರ್ಧ ಗಂಟೆ ಹಿಂದೆ ಬೀಳುತ್ತದೆ, ಅಷ್ಟೆ. ಸರಿಪಡಿಸಲಾಗದ ಪ್ರಶ್ನೆ ಒಂದೇ ಒಂದು: ಡಿಸ್ಕನ್ನು ಹೇಗೆ ಹಂಚಲಿ? ಅಲ್ಲಿ ಎಡವಿದರೆ ಮದುವೆಯ ಫೋಟೊ, ಅರ್ಧ ಬರೆದ ಪ್ರಬಂಧ, ಅಂಗಡಿಯ ಲೆಕ್ಕ ಎಲ್ಲವೂ ಒಂದು ಗುಂಡಿ ಒತ್ತಿದಷ್ಟರಲ್ಲಿ ಹೋಗುತ್ತವೆ. ಉಳಿದೆಲ್ಲ ಪರದೆಗಳನ್ನು ಮಗುವಿಗೂ ತಿಳಿಯುವಂತೆ ಬಿಡಿಸಿ ಬರೆದ ಇನ್‌ಸ್ಟಾಲರ್‌ಗಳು ಈ ಒಂದು ಪರದೆಗೆ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಎಂಜಿನಿಯರ್ ಭಾಷೆಗೆ ಹೊರಳುತ್ತವೆ.

ಈ ಪರದೆ ಬಳಕೆದಾರರಿಗೆ ಎಷ್ಟು ಸ್ನೇಹಪರವಾಗಿದೆ ಎಂದು ಅಳೆಯುವಾಗ ನಾವು ಸಾಮಾನ್ಯವಾಗಿ ಎರಡು ಅಳತೆಗೋಲು ಹಿಡಿಯುತ್ತೇವೆ: ಪ್ರಶ್ನೆಗಳು ಎಷ್ಟು ಕಡಿಮೆ, ಚಿತ್ರ ಎಷ್ಟು ಅಂದ. ಎರಡೂ ಸಾಲವು ಎಂಬುದು ನನ್ನ ವಾದ. ಗುಂಡಿ ಒತ್ತುವ ಮೊದಲು ನನ್ನದು ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ನನಗೆ ಗುರುತು ಸಿಗುವ ಹೆಸರುಗಳಲ್ಲಿ ತೋರಿಸುವ ಇನ್‌ಸ್ಟಾಲರೇ ಸ್ನೇಹಪರ. ಪ್ರಶ್ನೆ ಹತ್ತಿದ್ದರೂ ಅಡ್ಡಿಯಿಲ್ಲ.

ಡಿಸ್ಕನ್ನು ಹೀಗೆ ಹಂಚುವ ಪಾರ್ಟಿಷನ್ ಎಂಬ ಏರ್ಪಾಡು ಎಲ್ಲಿಂದ ಬಂತು ಎಂದು ನೋಡಿದರೆ ತೊಡಕಿನ ಅರ್ಧ ಅರ್ಥವಾಗುತ್ತದೆ. 1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯನ್ನು 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಸಮೇತ ತಂದಿತು. ಅದರ ಜೊತೆ ಬಂದ ಡಾಸ್ 2.0, ಡಿಸ್ಕಿನ ಮೊದಲ ಸೆಕ್ಟರಿನಲ್ಲಿ 64 ಬೈಟುಗಳ ಒಂದು ಪುಟ್ಟ ಪಟ್ಟಿ ಇಟ್ಟಿತು. ಅದರಲ್ಲಿ 16 ಬೈಟಿನ ನಾಲ್ಕೇ ನಮೂದುಗಳಿಗೆ ಜಾಗ. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಜಗಳವಿಲ್ಲದೆ ಇರಲಿ ಎಂಬುದೇ ಅದರ ಉದ್ದೇಶವಾಗಿತ್ತು. ಪಟ್ಟಿ ಪಹಣಿಯ ಹಾಗೆ. ಯಾರ ಪಾಲು ಎಲ್ಲಿಂದ ಶುರು, ಎಷ್ಟು ಉದ್ದ ಎಂದಷ್ಟೇ ಹೇಳುತ್ತದೆ, ಹೊಲದಲ್ಲಿ ಏನು ಬೆಳೆದಿದೆ ಎಂದು ಅದಕ್ಕೆ ಗೊತ್ತಿಲ್ಲ. ನಾಲ್ಕು ಸಾಲದೆ ಬಂದಾಗ ಅವುಗಳಲ್ಲೊಂದನ್ನು ವಿಸ್ತೃತ ಪಾರ್ಟಿಷನ್ ಎಂದು ಕರೆದು, ಅದರೊಳಗೆ ತಾರ್ಕಿಕ ಪಾರ್ಟಿಷನ್‌ಗಳನ್ನು ಸರಪಳಿಯಂತೆ ಪೋಣಿಸುವ ಉಪಾಯ ಬಂತು. ಲಿನಕ್ಸ್ ಡಿಸ್ಕನ್ನು ಎಸ್‌ಡಿಎ ಎಂಬಂಥ ಹೆಸರಿನಿಂದ ಕರೆದು, ಮೊದಲ ನಾಲ್ಕು ಅಂಕಿಗಳನ್ನು ಮುಖ್ಯ ಪಾರ್ಟಿಷನ್‌ಗಳಿಗೆ ಮೀಸಲಿಟ್ಟು ತಾರ್ಕಿಕವಾದವನ್ನು 5ರಿಂದ ಎಣಿಸುತ್ತದೆ. ಎರಡೇ ಡ್ರೈವ್ ಇದೆ ಎಂದುಕೊಂಡಿದ್ದವರಿಗೆ ಪರದೆಯ ಮೇಲೆ ಎಸ್‌ಡಿಎ1, ಎಸ್‌ಡಿಎ2, ಎಸ್‌ಡಿಎ5 ಎಂದು ಕಾಣಿಸಿ, 3 ಮತ್ತು 4 ಎಲ್ಲಿ ಹೋದವು ಎಂದು ದಿಗಿಲಾಗಲು ಇದೇ ಕಾರಣ.

ಪಹಣಿಯ ಹೋಲಿಕೆಯಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಪಟ್ಟಿಯಿಂದ ಒಂದು ನಮೂದನ್ನು ಅಳಿಸಿದರೆ ಒಳಗಿನ ಫೈಲುಗಳು ಆ ಕ್ಷಣಕ್ಕೆ ಹಾಗೇ ಇರುತ್ತವೆ. ಟೆಸ್ಟ್‌ಡಿಸ್ಕ್‌ನಂಥ ಸಲಕರಣೆ ಹುಡುಕಿ ಆ ಗಡಿಯನ್ನು ಮತ್ತೆ ಬರೆದರೆ ಎಲ್ಲವೂ ಮರಳಿ ಬರಬಹುದು. ಪಾರ್ಟಿಷನ್ ಕುಗ್ಗಿಸುವುದು ಬೇರೆ ಕೆಲಸ: ಅಲ್ಲಿ ದತ್ತಾಂಶ ನಿಜವಾಗಿಯೂ ಜಾಗ ಬದಲಿಸುತ್ತದೆ, ನಡುವೆ ಕರೆಂಟು ಹೋದರೆ ಅಪಾಯ. ಫಾರ್ಮ್ಯಾಟ್ ಮೂರನೆಯ ಬಗೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಫಾರ್ಮ್ಯಾಟ್ ಆದ ಮೇಲೂ ಫೈಲುಗಳ ಬಹುಪಾಲು ತಟ್ಟೆಯ ಮೇಲೆ ಉಳಿದಿರುತ್ತಿತ್ತು, ಅದೃಷ್ಟವಿದ್ದರೆ ಹೆಕ್ಕಿ ತೆಗೆಯಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಆ ಅದೃಷ್ಟವೂ ಇಲ್ಲ. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ, ಈ ಜಾಗವೆಲ್ಲ ಇನ್ನು ಬೇಡ ಎಂದು ಮೊದಲಿಗೇ ಡಿಸ್ಕಿಗೆ ತಿಳಿಸುತ್ತದೆ. ಡಿಸ್ಕ್ ಅದನ್ನು ತೆರವು ಮಾಡಿಬಿಡುತ್ತದೆ. ಈ ಮೂರೂ ಕೆಲಸಗಳ ಅಪಾಯ ಒಂದೇ ಮಟ್ಟದ್ದಲ್ಲ. ಆದರೂ ಬಹಳಷ್ಟು ಇನ್‌ಸ್ಟಾಲರ್‌ಗಳು ಮೂರಕ್ಕೂ ಸೇರಿಸಿ ಒಂದೇ ಎಚ್ಚರಿಕೆ ಕೊಡುತ್ತವೆ. ಎಲ್ಲ ಕಡೆಯೂ ಅದೇ ಎಚ್ಚರಿಕೆ ಕಂಡರೆ ಯಾರೂ ಓದುವುದಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಪದರವಿದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಿಡಿಭಾಗ ಕೂಡಿಸಿ ಪಿಸಿ ಮಾಡಿಸಿಕೊಂಡವರಿಗೆಲ್ಲ ಅಂಗಡಿಯವರು ಡಿಸ್ಕನ್ನು ಸಿ, ಡಿ, ಇ ಎಂದು ಹೋಳು ಮಾಡಿಯೇ ಕೊಡುವ ರೂಢಿ ಇತ್ತು. ವಿಂಡೋಸ್ ಕೆಟ್ಟರೆ ಸಿ ಮಾತ್ರ ಫಾರ್ಮ್ಯಾಟ್ ಮಾಡು, ಡಿಯಲ್ಲಿಟ್ಟದ್ದು ಉಳಿಯುತ್ತದೆ ಎಂಬ ಬುದ್ಧಿಮಾತು ಮನೆಮನೆಗೆ ಗೊತ್ತು. ಅಂದರೆ ಪಾರ್ಟಿಷನ್ ಅಂದರೇನು ಎಂಬ ತಿಳಿವಳಿಕೆ ನಮ್ಮಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿಯೇ ಇದೆ. ಕಾಲೇಜು ಹುಡುಗಿಯೊಬ್ಬಳು 'ಇ ಡ್ರೈವ್ ಖಾಲಿ ಮಾಡಿದ್ದೇನೆ, ಅಲ್ಲಿ ಉಬುಂಟು ಹಾಕಿಕೊಳ್ಳುತ್ತೇನೆ' ಎಂದಾಗ ಅವಳ ಯೋಜನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಇನ್‌ಸ್ಟಾಲರಿನ ಕೈಯಾರೆ ಹಂಚುವ ಪರದೆ ಅವಳಿಗೆ ಇ ಎಂಬ ಅಕ್ಷರವನ್ನೇ ತೋರಿಸುವುದಿಲ್ಲ. ಆ ಅಕ್ಷರ ವಿಂಡೋಸಿನ ಒಳಗಿನ ವ್ಯವಸ್ಥೆ, ಡಿಸ್ಕಿನ ಪಟ್ಟಿಯಲ್ಲಿ ಇರುವುದಲ್ಲ. ಅವಳಿಗೆ ಕಾಣುವುದು ಎಸ್‌ಡಿಎ5, ಎಸ್‌ಡಿಎ6, ಎರಡೂ ಎನ್‌ಟಿಎಫ್‌ಎಸ್, ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಮನೆಯವರ ಹತ್ತು ವರ್ಷದ ಫೋಟೊಗಳಿವೆ.

ಅಕ್ಷರ ಗೊತ್ತಿಲ್ಲದಿದ್ದರೂ ಇನ್‌ಸ್ಟಾಲರ್ ಸಹಾಯ ಮಾಡಬಹುದಿತ್ತು. ಪಾರ್ಟಿಷನ್ನಿಗೆ ಬಳಕೆದಾರರು ಕೊಟ್ಟ ಹೆಸರನ್ನು ಓದಬಹುದು, ಎಷ್ಟು ತುಂಬಿದೆ ಎಂದು ತೋರಿಸಬಹುದು. ಅದಕ್ಕಿಂತ ಮುಖ್ಯವಾಗಿ, ಅದನ್ನು ಓದಲಷ್ಟೇ ತೆರೆದು ಮೇಲುಮೇಲಿನ ಫೋಲ್ಡರುಗಳ ಹೆಸರನ್ನು ಮುಂದಿಡಬಹುದು: ಇಲ್ಲಿ 'ಫೋಟೊಸ್', 'ಟ್ಯಾಲಿ', 'ಅಮ್ಮನ ಫೋನ್ ಬ್ಯಾಕಪ್' ಎಂಬ ಫೋಲ್ಡರುಗಳಿವೆ, ಅಳಿಸಲೇ? ಇದು ಹೊಸ ತಂತ್ರಜ್ಞಾನ ಬೇಡುವ ಕನಸಲ್ಲ. ಡೆಬಿಯನ್, ಉಬುಂಟು ಕುಟುಂಬದಲ್ಲಿ ಓಎಸ್-ಪ್ರೋಬರ್ ಎಂಬ ಪುಟ್ಟ ಪ್ರೋಗ್ರಾಂ ಪ್ರತಿ ಪಾರ್ಟಿಷನ್ನಿನೊಳಗೂ ಇಣುಕಿ ಅಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ ಎಂದು ಪತ್ತೆ ಮಾಡುತ್ತಲೇ ಬಂದಿದೆ. ವಿಂಡೋಸನ್ನು ಹುಡುಕಲು ಒಳಹೊಕ್ಕ ಕಣ್ಣು ಅದೇ ಹೊತ್ತಿಗೆ ಫೋಲ್ಡರಿನ ಹೆಸರನ್ನೂ ನೋಡಬಲ್ಲದು.

ಉಬುಂಟು ಈ ದಿಕ್ಕಿನಲ್ಲಿ ಇಟ್ಟ ಒಂದು ಹೆಜ್ಜೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. 2006ರ ಜೂನಿನಲ್ಲಿ ಬಂದ 6.06 ಆವೃತ್ತಿಯಿಂದ ಲೈವ್ ಸಿಡಿಯಲ್ಲೇ ಗ್ರಾಫಿಕಲ್ ಇನ್‌ಸ್ಟಾಲರ್ ಇತ್ತು. ಮುಂದಿನ ವರ್ಷಗಳಲ್ಲಿ ಅದು ಡಿಸ್ಕಿನ ಪ್ರಶ್ನೆಯನ್ನು ಹೀಗೆ ಆರಂಭಿಸತೊಡಗಿತು: ಈ ಕಂಪ್ಯೂಟರಿನಲ್ಲಿ ಈಗ ವಿಂಡೋಸ್ ಇದೆ, ಏನು ಮಾಡೋಣ? ಪಕ್ಕದಲ್ಲಿ ಉಬುಂಟು ಹಾಕುವುದು, ಎಲ್ಲ ಅಳಿಸಿ ಹಾಕುವುದು, ಬೇರೆ ಏನಾದರೂ. ಎಲ್ಲ ಅಳಿಸುವ ಆಯ್ಕೆಯ ಕೆಳಗೆ ನಿಮ್ಮ ಪ್ರೋಗ್ರಾಂ, ದಾಖಲೆ, ಫೋಟೊ, ಸಂಗೀತ ಎಲ್ಲವೂ ಹೋಗುತ್ತವೆ ಎಂದು ಹೆಸರು ಹಿಡಿದು ಹೇಳಿತ್ತು. ಪಕ್ಕದಲ್ಲಿ ಹಾಕುವುದನ್ನು ಆರಿಸಿದರೆ ವಿಂಡೋಸಿಗೆಷ್ಟು, ಉಬುಂಟುವಿಗೆಷ್ಟು ಎಂದು ನಡುವಿನ ಗೆರೆಯನ್ನು ಎಳೆದು ತೋರಿಸಬಹುದಿತ್ತು. ಇದು ಮನುಷ್ಯರಿಗಾಗಿ ಬರೆದ ಪರದೆ. ಫೈಲ್ ಸಿಸ್ಟಮ್ಮಿನ ಹೆಸರಿಲ್ಲ, ಎಸ್‌ಡಿಎ ಇಲ್ಲ, ಆದರೂ ಏನಾಗಲಿದೆ ಎಂಬುದು ಸ್ಪಷ್ಟ.

ಇದೇ ಪರದೆ ಸೋಲುವ ಜಾಗವೂ ಇದೆ, ಆ ಸೋಲು ಮೌನದ ಸೋಲು. ಎಷ್ಟೋ ಕಂಪ್ಯೂಟರುಗಳಲ್ಲಿ 'ಪಕ್ಕದಲ್ಲಿ ಹಾಕು' ಎಂಬ ಆಯ್ಕೆ ಕಾಣಿಸುವುದೇ ಇಲ್ಲ. ಕಾರಣ ಹಲವು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್ ಡೌನ್ ಮಾಡಿದರೂ ಅದು ಅರೆನಿದ್ರೆಯಲ್ಲಿರುತ್ತದೆ, ಅಂಥ ಪಾರ್ಟಿಷನ್ನನ್ನು ಕುಗ್ಗಿಸಲು ಲಿನಕ್ಸ್ ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ. ಲ್ಯಾಪ್‌ಟಾಪ್ ತಯಾರಕರು ಡಿಸ್ಕನ್ನು ಇಂಟೆಲ್ಲಿನ ರೇಡ್ ವಿಧಾನಕ್ಕೆ ಹಾಕಿಟ್ಟಿದ್ದರೆ ಡಿಸ್ಕೇ ಕಾಣದು. 2010ರ ಸುಮಾರಿನ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್, ಅದರ ಬೂಟ್ ಭಾಗ, ರಿಕವರಿ, ತಯಾರಕರ ಸಲಕರಣೆ ಎಂದು ನಾಲ್ಕೂ ನಮೂದುಗಳು ಮುಗಿದಿರುತ್ತಿದ್ದವು. ಐದನೆಯದಕ್ಕೆ ಜಾಗವಿಲ್ಲ. ಆಗ ನೂರಾರು ಗಿಗಾಬೈಟ್ ಖಾಲಿ ಮಾಡಿಕೊಂಡು ಬಂದವರಿಗೂ ಇನ್‌ಸ್ಟಾಲರ್ ಆ ಜಾಗದ ಎದುರು 'ಬಳಸಲಾಗದು' ಎಂಬ ಒಂದೇ ಪದ ಬರೆದು ಸುಮ್ಮನಾಗುತ್ತಿತ್ತು. ಯಾಕೆ ಬಳಸಲಾಗದು ಎಂದು ಒಂದೇ ಸಾಲು ಬರೆದಿದ್ದರೆ ಸಾಕಿತ್ತು. ಬರೆಯದ್ದರಿಂದ ಜನ ಎರಡರಲ್ಲೊಂದು ಮಾಡುತ್ತಿದ್ದರು: ಕೈಬಿಡುತ್ತಿದ್ದರು, ಇಲ್ಲವೇ ಕಾಣುತ್ತಿದ್ದ ಇನ್ನೊಂದು ಆಯ್ಕೆ, ಅಂದರೆ ಎಲ್ಲ ಅಳಿಸುವುದು, ಅದನ್ನೇ ಒತ್ತುತ್ತಿದ್ದರು. ಇಲ್ಲದ ಆಯ್ಕೆ ಯಾಕಿಲ್ಲ ಎಂದು ಹೇಳದ ಪರದೆ ಜನರನ್ನು ಅತ್ಯಂತ ಅಪಾಯದ ಬಾಗಿಲಿನತ್ತ ತಳ್ಳುತ್ತದೆ.

ಫೆಡೋರಾ 18ರ ಕತೆ ಈ ವಿಷಯದಲ್ಲಿ ಎಲ್ಲಕ್ಕಿಂತ ಪಾಠ ಕಲಿಸುವಂಥದು. ಫೆಡೋರಾದ ಇನ್‌ಸ್ಟಾಲರ್ ಅನಕೊಂಡಾವನ್ನು ಆಗ ಬುಡದಿಂದ ಹೊಸದಾಗಿ ಬರೆದರು. ಕೆಲಸ ಮುಗಿಯದೆ 2012ರ ನವೆಂಬರಿನಲ್ಲಿ ಬರಬೇಕಿದ್ದ ಆವೃತ್ತಿ ಮತ್ತೆ ಮತ್ತೆ ಮುಂದೆ ಹೋಗಿ 2013ರ ಜನವರಿ 15ಕ್ಕೆ ಬಂತು. ಅದರ ಹಿಂದಿನ ಯೋಚನೆ ಗೌರವಕ್ಕೆ ಅರ್ಹವಾದದ್ದೇ. ಬಳಕೆದಾರರಿಗೆ ಬೇಕಾದ್ದು ಸೆಕ್ಟರುಗಳಲ್ಲ. ತಮ್ಮ ಸಿಸ್ಟಮ್ಮಿಗೆ ಇಷ್ಟು ಜಾಗ, ತಮ್ಮ ಫೈಲುಗಳಿಗೆ ಇಷ್ಟು ಜಾಗ ಎಂಬುದಷ್ಟೇ. ಆದ್ದರಿಂದ ಬೇಕಾದ ಮೌಂಟ್ ಪಾಯಿಂಟುಗಳನ್ನೂ (ಅಂದರೆ ಪಾರ್ಟಿಷನ್ನುಗಳು ತೆರೆದುಕೊಳ್ಳುವ ಜಾಗ) ಗಾತ್ರಗಳನ್ನೂ ಅವರು ಹೇಳಲಿ, ಡಿಸ್ಕಿನಲ್ಲಿ ಅವು ಎಲ್ಲಿ ಕೂರಬೇಕು ಎಂಬುದನ್ನು ಯಂತ್ರವೇ ತೀರ್ಮಾನಿಸಲಿ. ಹೀಗೆ ಯೋಚಿಸಿ ಡಿಸ್ಕಿನ ಹಂಚಿಕೆಯನ್ನು ತೋರಿಸುತ್ತಿದ್ದ ಉದ್ದನೆಯ ಬಣ್ಣದ ಪಟ್ಟಿಯನ್ನು ತೆಗೆದೇಬಿಟ್ಟರು. ಎಡಗಡೆ ಒಂದು ಪಟ್ಟಿ: ಹೊಸ ಫೆಡೋರಾ, ಅದರ ಕೆಳಗೆ ಈಗಾಗಲೇ ಇರುವ ಸಿಸ್ಟಮ್‌ಗಳು, ಅದಕ್ಕೂ ಕೆಳಗೆ ಗುರುತು ಸಿಗದವು. ಬಲಗಡೆ ಆರಿಸಿದ್ದರ ವಿವರ. ಮುಗಿಯಿತು ಎನ್ನುವ ಗುಂಡಿ ಪರದೆಯ ಮೇಲಿನ ಎಡಮೂಲೆಯಲ್ಲಿ.

ಜನ ಸಿಟ್ಟಿಗೆದ್ದರು. ಹೊಸಬರು ಮಾತ್ರವಲ್ಲ, ವರ್ಷಗಟ್ಟಲೆ ಲಿನಕ್ಸ್ ಬಳಸಿದವರೂ ಆ ಪರದೆಯ ಮುಂದೆ ಗೊಂದಲಕ್ಕೆ ಬಿದ್ದರು. ಬದಲಾವಣೆ ಒಗ್ಗದವರ ಗೊಣಗಾಟ ಎಂದು ಅದನ್ನು ತಳ್ಳಿಹಾಕಿದರೆ ತಪ್ಪಾಗುತ್ತದೆ. ಗಮನಿಸಿ: ಆ ಪರದೆಯಲ್ಲಿ ಗುಂಡಿ ಎಡಮೂಲೆಯಲ್ಲಿದ್ದದ್ದು ಸಣ್ಣ ಕಿರಿಕಿರಿ. ಅಸಲಿ ತೊಂದರೆಯೆಂದರೆ ಬಳಕೆದಾರರು ಕೇಳಿದ್ದರಿಂದ ಡಿಸ್ಕಿನಲ್ಲಿ ಏನು ಬದಲಾಗುತ್ತದೆ ಎಂಬುದು ಎಲ್ಲೂ ಒಂದೇ ನೋಟಕ್ಕೆ ಕಾಣುತ್ತಿರಲಿಲ್ಲ. ಯಂತ್ರ ತೀರ್ಮಾನಿಸಲಿ ಎಂಬ ಮಾತು ಖಾಲಿ ಡಿಸ್ಕಿನಲ್ಲಿ ಚಂದ. ತಮ್ಮ ಹಳೆಯ ಫೈಲುಗಳು ಅದೇ ಡಿಸ್ಕಿನಲ್ಲಿ ಕೂತಿರುವವರಿಗೆ ಆ ಮಾತು ನೆಮ್ಮದಿ ಕೊಡುವುದಿಲ್ಲ. ಜಟಿಲವಾದದ್ದನ್ನು ಮರೆಮಾಡಿದರೆ ಸರಳವಾಗುತ್ತದೆ ಎಂದು ವಿನ್ಯಾಸಕರು ನಂಬಿದ್ದರು. ಜಟಿಲತೆಯ ಜೊತೆಗೆ ಸಾಕ್ಷಿಯೂ ಮರೆಯಾಯಿತು. 2017ರಲ್ಲಿ, ಫೆಡೋರಾ 26ರ ಹೊತ್ತಿಗೆ, ಬ್ಲಿವೆಟ್ ಎಂಬ ಇನ್ನೊಂದು ಪಾರ್ಟಿಷನ್ ಸಲಕರಣೆಯನ್ನು ಅದೇ ಇನ್‌ಸ್ಟಾಲರಿನೊಳಗೆ ಆಯ್ಕೆಯಾಗಿ ಸೇರಿಸಿದರು. ಡಿಸ್ಕಿನ ಚಿತ್ರ ಮರಳಿ ಬಂತು.

ಇದಕ್ಕೆ ಎದುರಾಗಿ ಡೆಬಿಯನ್ನಿನ ಇನ್‌ಸ್ಟಾಲರ್ ನೋಡಲು ಬಡವಾಗಿದೆ. ಡಿಸ್ಕನ್ನು ಅದು ಎಸ್‌ಸಿಎಸ್‌ಐ, ಆವರಣದಲ್ಲಿ ಮೂರು ಸೊನ್ನೆ, ಎಸ್‌ಡಿಎ ಎಂದೆಲ್ಲ ಕರೆಯುತ್ತದೆ. ಹಾಗಿದ್ದೂ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಎಲ್ಲ ಬದಲಾವಣೆಗಳನ್ನೂ ಕೂಡಿಹಾಕಿಕೊಂಡು ಕೊನೆಗೆ ಒಮ್ಮೆ ನಿಲ್ಲಿಸಿ, ಡಿಸ್ಕಿಗೆ ಬರೆಯಲೇ ಎಂದು ಕೇಳುತ್ತದೆ, ಮೊದಲೇ ಆರಿಸಿಟ್ಟ ಉತ್ತರ 'ಬೇಡ'. ಎಂಟರ್ ಒತ್ತುತ್ತಾ ಬಂದವರು ಇಲ್ಲಿ ತಾವಾಗಿ ನಿಲ್ಲುತ್ತಾರೆ. ಆದರೆ ಆ ಸಾರಾಂಶವೂ ಹೇಳುವುದು ಯಾವ ಪಾರ್ಟಿಷನ್ ಇಎಕ್ಸ್‌ಟಿ4 ಆಗಲಿದೆ ಎಂದು. ಅಲ್ಲಿ ಮೊದಲು ಏನಿತ್ತು ಎಂಬುದನ್ನಲ್ಲ. ಮುಂದೆ ಬರುವುದರ ಪಟ್ಟಿ ಇದೆ, ಹೋಗುವುದರ ಪಟ್ಟಿ ಇಲ್ಲ. ಪಾರ್ಟಿಷನ್ ಕುಗ್ಗಿಸುವ ಕೆಲಸವನ್ನಂತೂ ಅದು ಕೊನೆಯವರೆಗೆ ಕಾಯದೆ ಆಗಲೇ ಮಾಡಿಬಿಡುತ್ತದೆ, ನಡುವೆ ಒಂದು ಎಚ್ಚರಿಕೆ ಕೊಟ್ಟು. ಓಪನ್‌ಸೂಸೆಯ ಯಾಸ್ಟ್ ಅಳಿಸುವ ಕೆಲಸಗಳನ್ನು ಕೆಂಪಕ್ಷರದಲ್ಲಿ ತೋರಿಸಿತು. ಮಂಜಾರೊ, ಲುಬುಂಟು ಮುಂತಾದವು ಬಳಸುವ ಕಾಲಾಮಾರೆಸ್ ಈಗಿನ ಡಿಸ್ಕನ್ನೂ ಆಮೇಲಿನ ಡಿಸ್ಕನ್ನೂ ಒಂದರ ಕೆಳಗೊಂದು ಪಟ್ಟಿಯಾಗಿ ಬಿಡಿಸುತ್ತದೆ. ನನಗೆ ತಿಳಿದಮಟ್ಟಿಗೆ ಇಡೀ ಕ್ಷೇತ್ರದ ಅತ್ಯುತ್ತಮ ಕಲ್ಪನೆ ಈ ಜೋಡಿ ಪಟ್ಟಿಯೇ. ಮೇಲಿನದರಲ್ಲಿದ್ದ ಬಣ್ಣ ಕೆಳಗಿನದರಲ್ಲಿ ಇಲ್ಲವೆಂದರೆ ಅದು ಹೋಯಿತು ಎಂದರ್ಥ. ಯಾವ ಭಾಷೆಯವರಿಗೂ ಅರ್ಥವಾಗುತ್ತದೆ.

ಈ ನಡುವೆ ಕೆಲವು ಪ್ರಶ್ನೆಗಳು ತಾವಾಗಿ ಸತ್ತುಹೋದವು, ಅದು ಒಳ್ಳೆಯದೇ ಆಯಿತು. ರ್‍ಯಾಮ್ ಸಾಲದಾದಾಗ ಬಳಸುವ ಸ್ವಾಪ್ ಜಾಗ ಎಷ್ಟಿರಬೇಕು, ರ್‍ಯಾಮಿನ ಎರಡು ಪಟ್ಟೇ, ಎಂಬ ಚರ್ಚೆಯಲ್ಲಿ ಹೊಸಬರು ಸಂಜೆಗಳನ್ನೇ ಕಳೆದಿದ್ದಾರೆ. 2017ರ ಉಬುಂಟು 17.04 ಅದನ್ನು ಪ್ರತ್ಯೇಕ ಪಾರ್ಟಿಷನ್ ಬದಲು ಒಂದು ಫೈಲಾಗಿಸಿತು, ಬೇಕೆಂದಾಗ ಹಿಗ್ಗಿಸಬಹುದು. ಸಿಸ್ಟಮ್ ಇರುವ ರೂಟಿಗೆ ಎಷ್ಟು, ನಮ್ಮ ಫೈಲುಗಳಿರುವ ಹೋಮ್‌ಗೆ ಎಷ್ಟು ಎಂಬುದು ಇನ್ನೊಂದು. ರೂಟಿಗೆ 20 ಗಿಗಾಬೈಟ್ ಕೊಟ್ಟು, ಅದು ತುಂಬಿ ಅಪ್‌ಡೇಟ್ ನಿಂತುಹೋಗಿ, ಪಕ್ಕದ ಹೋಮ್‌ನಲ್ಲಿ ರಾಶಿ ಜಾಗ ಖಾಲಿ ಬಿದ್ದಿರುವ ಪರಿಸ್ಥಿತಿ ಎಷ್ಟು ಜನರದ್ದಾಗಿತ್ತೋ. 2020ರ ಅಕ್ಟೋಬರಿನಲ್ಲಿ ಫೆಡೋರಾ 33 ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮನ್ನು ಡೆಸ್ಕ್‌ಟಾಪಿನ ಮಾಮೂಲಿ ಆಯ್ಕೆ ಮಾಡಿದ ಮೇಲೆ ರೂಟೂ ಹೋಮೂ ಬೇರೆ ಬೇರೆಯಾಗಿದ್ದುಕೊಂಡೇ ಒಂದೇ ಜಾಗವನ್ನು ಹಂಚಿಕೊಳ್ಳತೊಡಗಿದವು. ಉತ್ತರ ಗೊತ್ತಿಲ್ಲದವರನ್ನು ಕೇಳುವ ಬದಲು ಪ್ರಶ್ನೆಯನ್ನೇ ಕರಗಿಸಿದ ಎಂಜಿನಿಯರುಗಳಿಗೆ ನಾವು ಋಣಿ. ಕರಗಿಸಲಾಗದ್ದು ಒಂದೇ: ಡಿಸ್ಕಿನಲ್ಲಿ ಈಗ ಇರುವುದರಲ್ಲಿ ಏನನ್ನು ಉಳಿಸಬೇಕು? ಇದಕ್ಕೆ ಯಂತ್ರ ಉತ್ತರಿಸಲಾರದು. ಹಾಗಾಗಿ ಇನ್‌ಸ್ಟಾಲರ್ ತನ್ನ ಎಲ್ಲ ಜಾಣ್ಮೆಯನ್ನೂ ಈ ಒಂದು ಪ್ರಶ್ನೆಯನ್ನು ಚೆನ್ನಾಗಿ ಕೇಳುವುದಕ್ಕೆ ಮುಡಿಪಾಗಿಡಬೇಕು.

ಪಾರ್ಟಿಷನ್ ಮಾಡಲು ಬಾರದವರು ಲಿನಕ್ಸ್ ಬಳಸಬೇಕಾದರೂ ಯಾಕೆ ಎಂದು ಕೇಳುವವರಿದ್ದಾರೆ. ಸ್ಲ್ಯಾಕ್‌ವೇರ್ 1993ರಿಂದಲೂ ಈ ಕೆಲಸವನ್ನು ಬಳಕೆದಾರರ ಕೈಗೇ ಬಿಟ್ಟಿದೆ, ಆರ್ಚ್ ಕೂಡ ಬಹುಕಾಲ ಹಾಗೆಯೇ ಇತ್ತು. ನನಗೆ ಆ ದಾರಿಯ ಮೇಲೆ ತಕರಾರಿಲ್ಲ. ಅಲ್ಲಿಗೆ ಹೋಗುವವರು ಕಲಿಯಲೆಂದೇ ಹೋಗುತ್ತಾರೆ, ಮೊದಲು ಓದಿಕೊಂಡು ಹೋಗುತ್ತಾರೆ. ಕೈಯಾರೆ ಹಂಚುವ ಸಲಕರಣೆಯನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಕಲಿಕೆಯ ಶುಲ್ಕವಾಗಿ ಮನೆಗೊಂದೇ ಇರುವ ಲ್ಯಾಪ್‌ಟಾಪಿನಲ್ಲಿನ ತಂಗಿಯ ಪ್ರಾಜೆಕ್ಟ್ ವರದಿ ಹೋಗಬೇಕೇ? ವಿಂಡೋಸಿನ ಇನ್‌ಸ್ಟಾಲರೂ ಡ್ರೈವ್ 0, ಪಾರ್ಟಿಷನ್ 1 ಎಂದೇ ಬರೆಯುತ್ತದೆ ಎಂಬ ಸಮಜಾಯಿಷಿಯೂ ಇದೆ. ನಿಜ. ಆದರೆ ವಿಂಡೋಸ್ ಕೊಂಡವರಲ್ಲಿ ಹೆಚ್ಚಿನವರು ಆ ಪರದೆಯನ್ನು ನೋಡುವುದೇ ಇಲ್ಲ. ಅದು ಕಾರ್ಖಾನೆಯಿಂದಲೇ ತುಂಬಿ ಬರುತ್ತದೆ. ಲಿನಕ್ಸಿಗೆ ಬರುವ ಬಹುತೇಕ ಎಲ್ಲರೂ ಈ ಪರದೆಯನ್ನು ದಾಟಿಯೇ ಬರಬೇಕು, ಅದೂ ಬಳಕೆಯಲ್ಲಿರುವ ಡಿಸ್ಕಿನ ಮೇಲೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದ ಮೇಲೆ, 11ಕ್ಕೆ ಒಗ್ಗದ ಹಳೆಯ ಯಂತ್ರಗಳನ್ನಿಟ್ಟುಕೊಂಡವರಲ್ಲಿ ಲಿನಕ್ಸಿನ ಕಡೆ ಹೊರಳುವವರೆಲ್ಲ ಇಲ್ಲಿಗೇ ಬರುತ್ತಾರೆ. ಅವರ ಡಿಸ್ಕುಗಳು ಖಾಲಿಯಲ್ಲ.

ಹೆದರಿಕೆಯನ್ನು ಪೂರ್ತಿ ತೆಗೆದರೆ ಏನಾಗುತ್ತದೆ ಎಂಬುದನ್ನು ವುಬಿ ತೋರಿಸಿತು. 2008ರ ಉಬುಂಟು 8.04ರ ಜೊತೆ ಬಂದ ಈ ಪ್ರೋಗ್ರಾಂ ಇಡೀ ಉಬುಂಟುವನ್ನು ವಿಂಡೋಸಿನ ಒಳಗೆ ಒಂದು ದೊಡ್ಡ ಫೈಲಾಗಿ ಕೂರಿಸುತ್ತಿತ್ತು. ಪಾರ್ಟಿಷನ್ ಮುಟ್ಟುವ ಮಾತೇ ಇಲ್ಲ, ಬೇಡವಾದರೆ ಉಳಿದ ಸಾಫ್ಟ್‌ವೇರಿನಂತೆ ತೆಗೆದುಹಾಕಬಹುದು. ಹಠಾತ್ತನೆ ಕರೆಂಟು ಹೋದರೆ ಅದಕ್ಕೆ ಪೆಟ್ಟಾಗುತ್ತಿತ್ತು, ವಿಂಡೋಸ್ 8 ಮತ್ತು ಹೊಸ ಬೂಟ್ ವ್ಯವಸ್ಥೆಯ ಜೊತೆ ಹೊಂದಲಿಲ್ಲ, 2013ರಲ್ಲಿ ಕೈಬಿಟ್ಟರು. ಕೈಬಿಡಲು ತಾಂತ್ರಿಕ ಕಾರಣಗಳಿದ್ದವು, ಒಪ್ಪುತ್ತೇನೆ. ಆದರೆ ಹಿಂದಿರುಗುವ ದಾರಿ ಕಂಡರೆ ಮಾತ್ರ ಹೆಜ್ಜೆ ಇಡುವ ಜನರಿಗೆ ಅದರ ನಂತರ ಅಷ್ಟು ಸುಲಭದ ಇನ್ನೊಂದು ಸೇತುವೆಯನ್ನು ಯಾರೂ ಕಟ್ಟಲಿಲ್ಲ.

ಈಗಿನ ಹೊಸ ಅಡ್ಡಿ ಬಿಟ್‌ಲಾಕರ್. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಈ ಡಿಸ್ಕ್ ಗೂಢಲಿಪೀಕರಣ ಎಷ್ಟೋ ಯಂತ್ರಗಳಲ್ಲಿ ತಾನಾಗಿ ಚಾಲೂ ಆಗುತ್ತದೆ, ಯಜಮಾನರಿಗೆ ಅದರ ಅರಿವೇ ಇರುವುದಿಲ್ಲ. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆ ಕಂಡರೆ ವಿಂಡೋಸ್ ಮುಂದಿನ ಸಲ ಉದ್ದನೆಯ ರಿಕವರಿ ಕೀ ಕೇಳಬಹುದು. ಕೀ ಕೈಯಲ್ಲಿಲ್ಲದಿದ್ದರೆ, ಲಿನಕ್ಸ್ ಒಂದು ಬೈಟನ್ನೂ ಅಳಿಸದೆ ಇದ್ದರೂ, ಫೈಲುಗಳು ಕೈತಪ್ಪಿದಂತೆಯೇ. ಉಬುಂಟು ಬಿಟ್‌ಲಾಕರ್ ಇರುವ ಡಿಸ್ಕನ್ನು ಗುರುತಿಸಿ, ಮೊದಲು ವಿಂಡೋಸಿಗೆ ಹೋಗಿ ಅದನ್ನು ನಿಲ್ಲಿಸಿ ಬನ್ನಿ ಎಂದು ಹೇಳಿದ್ದು ಸರಿಯಾದ ನಡೆ. ಕೀಯನ್ನು ಬರೆದಿಟ್ಟುಕೊಂಡಿದ್ದೀರಾ ಎಂದೂ ಪ್ರತಿ ಇನ್‌ಸ್ಟಾಲರ್ ಕೇಳಬೇಕು.

ಕನ್ನಡದವರಿಗೆ ಇದರಲ್ಲಿ ನೇರ ಪಾಲಿದೆ. ಡೆಬಿಯನ್ ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ನಮ್ಮಂಥ ಲಿಪಿಗಳನ್ನು ಸರಿಯಾಗಿ ತೋರಿಸಲು ಗ್ರಾಫಿಕಲ್ ಇನ್‌ಸ್ಟಾಲರ್ ದಾರಿ ಮಾಡಿಕೊಟ್ಟಿತು. ಅನುವಾದ ಮಾಡಿದ ಸ್ವಯಂಸೇವಕರ ಶ್ರಮ ದೊಡ್ಡದು. ಇಡೀ ಇನ್‌ಸ್ಟಾಲರ್ ಕನ್ನಡಕ್ಕೆ ಬಾರದಿದ್ದರೂ ಏನು ಅಳಿಯುತ್ತದೆ ಎಂದು ಹೇಳುವ ಆ ಕೆಲವು ವಾಕ್ಯಗಳಾದರೂ ತಪ್ಪದೆ ಓದುಗರ ಭಾಷೆಯಲ್ಲಿರಬೇಕು, ಮಿಕ್ಕವಕ್ಕಿಂತ ಹೆಚ್ಚು ಎಚ್ಚರದಿಂದ ಪರೀಕ್ಷಿಸಿದವಾಗಿರಬೇಕು. ಲೋಡ್ ಶೆಡ್ಡಿಂಗ್ ಇರುವ ಊರುಗಳಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಪಾರ್ಟಿಷನ್ ಕುಗ್ಗಿಸಲು ಹೊರಟವರಿಗೆ ಇದು ಎಷ್ಟು ನಿಮಿಷ ಹಿಡಿಯಬಹುದು, ನಡುವೆ ಕರೆಂಟು ಹೋದರೆ ಏನಾಗುತ್ತದೆ ಎಂದು ಮೊದಲೇ ತಿಳಿಸಬೇಕು. ಉಬುಂಟುವಿನ ಹಳೆಯ ಇನ್‌ಸ್ಟಾಲರ್ ವಿದ್ಯುತ್ ಸಂಪರ್ಕವಿದೆಯೇ ಎಂದು ಆರಂಭದಲ್ಲೇ ನೋಡುತ್ತಿತ್ತು. ಅದೇ ಕಾಳಜಿ ಕುಗ್ಗಿಸುವ ಕ್ಷಣದಲ್ಲಿ ಇನ್ನೂ ಹೆಚ್ಚು ಬೇಕು.

ಇನ್ನೊಂದು ಕೆಲಸವಂತೂ ನಾಳೆಯೇ ಆಗಬಹುದು. ಪಾರ್ಟಿಷನ್ ಪಟ್ಟಿಯ ನಕಲನ್ನು ಬರಿಯ ಪಠ್ಯವಾಗಿ ತೆಗೆದುಕೊಡುವ ಸಾಮರ್ಥ್ಯ ಎಸ್‌ಎಫ್‌ಡಿಸ್ಕ್ ಎಂಬ ಹಳೆಯ ಪ್ರೋಗ್ರಾಮಿಗೆ ಮೊದಲಿಂದಲೂ ಇದೆ. ಆ ನಕಲು ಕೆಲವೇ ಸಾಲು. ಡಿಸ್ಕಿಗೆ ಏನನ್ನೂ ಬರೆಯುವ ಮೊದಲು ಇನ್‌ಸ್ಟಾಲರ್ ಅದನ್ನು ಪೆನ್‌ಡ್ರೈವಿನ ಖಾಲಿ ಜಾಗದಲ್ಲಿ ಉಳಿಸಲಿ, ಅಥವಾ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ ಎಂದು ಪರದೆಯ ಮೇಲೆ ತೋರಿಸಲಿ. ಫಾರ್ಮ್ಯಾಟ್ ಆದದ್ದನ್ನು ಅದು ವಾಪಸು ತರಲಾರದು. ಗಡಿ ಮಾತ್ರ ಅಳಿಸಿಹೋಗಿ ಒಳಗಿನದೆಲ್ಲ ಇನ್ನೂ ಸುರಕ್ಷಿತವಾಗಿರುವ ಸಂದರ್ಭಗಳಲ್ಲಿ, ರಿಪೇರಿಗೆ ಕೂತವರಿಗೆ ಆ ಕೆಲವು ಸಾಲುಗಳಿದ್ದರೆ ಇಡೀ ಡಿಸ್ಕನ್ನು ಜಾಲಾಡುವ ಕೆಲಸ ತಪ್ಪುತ್ತದೆ.